ಮನೆ ಕಟ್ಟಿಸುವುದಕ್ಕೆ ಎಷ್ಟು ದಿನ ರಜೆ ಬೇಕು?

ಪ್ರಶ್ನೆ: ನಾನು ಮಂಗಳೂರಿನ ಖಾಸಗಿ ಕಂಪೆನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಶನಿವಾರ, ಭಾನುವಾರ ರಜೆ. ಯಜಮಾನರು ದುಬೈಯಲ್ಲಿದ್ದಾರೆ; ಅವರಿಗೆ ವರ್ಷಕ್ಕೆ ಒಂದು ತಿಂಗಳು ಮಾತ್ರ ರಜೆ, ಅದನ್ನು ಗೃಹಪ್ರವೇಶಕ್ಕೆಂದು ಮೇ ತಿಂಗಳಿಗೆ ಇಟ್ಟುಕೊಂಡಿದ್ದಾರೆ. ಕಟಪಾಡಿಯಲ್ಲಿ, ಹೆದ್ದಾರಿಯಿಂದ ಮಟ್ಟುವಿನ ಕಡೆ ಹೋಗುವ ದಾರಿಯಲ್ಲಿರುವ ನಮ್ಮ 12 ಸೆಂಟ್ಸ್ ಜಾಗದಲ್ಲಿ 1,450 ಚದರಡಿಯ ಒಂದಂತಸ್ತಿನ ಮನೆ ಕಟ್ಟಿಸುತ್ತಿದ್ದೇವೆ. ಸಾಮಾನು ಸಹಿತ ಗುತ್ತಿಗೆ. ನವೆಂಬರ್ ಮೊದಲ ವಾರ ಪಂಚಾಂಗದ (ಅಡಿಪಾಯದ) ಕೆಲಸ ಮುಗಿಯಿತು. ಅಷ್ಟರಲ್ಲೇ ನನ್ನ 11 ರಜೆ ಖರ್ಚಾಗಿದೆ: ಬ್ಯಾಂಕಿಗೆ ನಾಲ್ಕು ಸಲ, ಪಂಚಾಯತ್‌ಗೆ ಮೂರು ಸಲ, ಉಳಿದದ್ದು ಗುತ್ತಿಗೆದಾರರು ‘ಒಮ್ಮೆ ಬಂದು ಹೋಗಿ ಮೇಡಂ’ ಎಂದಾಗಲೆಲ್ಲ. ಕಚೇರಿಯ ಮೀಟಿಂಗ್ ನಡುವೆ ಮೇಸ್ತ್ರಿಯ ಕರೆ ಬರುತ್ತದೆ. ನಿವೃತ್ತರಾದ ಮಾವನವರು ದಿನವೂ ಜಾಗದಲ್ಲಿ ಇರುತ್ತಾರೆ, ಆದರೆ ಮೇಸ್ತ್ರಿಗೂ ಅವರಿಗೂ ಆಗಿಬರುವುದಿಲ್ಲ. ‘ಮನೆ ಕಟ್ಟಿ ನೋಡು’ ಗಾದೆಯನ್ನು ನೆಂಟರೆಲ್ಲ ಹೇಳಿದ್ದಾಗಿದೆ. ಮೂರು ತಿಂಗಳು ಸಂಬಳವಿಲ್ಲದ ರಜೆ ಹಾಕಿ ಜಾಗದಲ್ಲೇ ನಿಲ್ಲಲೇ? ಅಥವಾ ಸಿಸಿ ಟಿವಿ ಹಾಕಿಸಿದರೆ ಸಾಕೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಒಂದರೊಳಗೊಂದು ಸೇರಿಕೊಂಡಿವೆ. ನೀವು ಜಾಗದಲ್ಲಿ ಇಲ್ಲದಿದ್ದರೆ ಕೆಲಸ ಕೆಡುತ್ತದೆ ಎಂಬುದು ಒಂದು. ಹೀಗೆಯೇ ರಜೆ ಹಾಕುತ್ತ ಹೋದರೆ ಉದ್ಯೋಗಕ್ಕೆ ಸಂಚಕಾರ ಬಂದೀತು ಎಂಬುದು ಇನ್ನೊಂದು. ಉಡುಪಿಯ ಸುತ್ತಮುತ್ತ 26 ವರ್ಷಗಳಿಂದ ಮನೆಗಳ ವಿನ್ಯಾಸ ಮತ್ತು ಮೇಲ್ವಿಚಾರಣೆ ಮಾಡುತ್ತಿರುವ ಎಂಜಿನಿಯರ್ ಆಗಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮೂರು ತಿಂಗಳ ರಜೆ ಬೇಡ. ಇಲ್ಲಿಂದ ಮುಂದೆ ವಾರದ ನಡುವೆ ನೀವು ಜಾಗದಲ್ಲಿ ಇರಲೇಬೇಕಾದ ದಿನಗಳು ಏಳೆಂಟನ್ನು ಮೀರುವುದಿಲ್ಲ. ಆದರೆ ಆ ದಿನಗಳು ಯಾವುವು ಎಂಬುದನ್ನು ಗುತ್ತಿಗೆದಾರರ ಫೋನು ನಿರ್ಧರಿಸಬಾರದು, ನೀವು ಈಗಲೇ ನಿರ್ಧರಿಸಿಕೊಂಡಿರಬೇಕು.

ಮಾಲೀಕರು ಬೆಳಗಿನಿಂದ ಸಂಜೆಯವರೆಗೆ ಎದುರಿಗಿದ್ದರೆ ಕೆಲಸ ಗಟ್ಟಿಯಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಎದುರಿಗಿದ್ದರೆ ಆಳುಗಳು ಚಹಾಕ್ಕೆ ಹೋದವರು ಬೇಗ ಬರುತ್ತಾರೆ, ಅದು ನಿಜ. ಗೋಡೆ ಗಟ್ಟಿಯಾಗುವುದು ಮಾತ್ರ ಗಾರೆಯ ಮಿಶ್ರಣದಿಂದ, ಕಟ್ಟುವ ಮೊದಲು ಮುರಕಲ್ಲನ್ನು ನೆನೆಸಿದ್ದರಿಂದ, ಆಮೇಲೆ ನೀರು ಹಾಕಿದ್ದರಿಂದ. ಏನನ್ನು ನೋಡಬೇಕು ಎಂದು ತಿಳಿಯದವರು ಎಂಟು ಗಂಟೆ ಕುರ್ಚಿ ಹಾಕಿ ಕುಳಿತರೂ, ತಿಳಿದವರು ಹೊತ್ತಿಗೆ ಸರಿಯಾಗಿ ಅರ್ಧ ಗಂಟೆ ಬಂದು ನೋಡಿ ಹೋಗುವುದಕ್ಕೆ ಅದು ಸಮವಾಗುವುದಿಲ್ಲ. ಅಲ್ಲದೆ ಮೂರು ತಿಂಗಳ ರಜೆಯಲ್ಲಿ ನೋಡುವಂಥದ್ದೇನೂ ನಡೆಯದ ದಿನಗಳೇ ಬಹಳ. ತಾರಸಿಗೆ ಕಾಂಕ್ರೀಟ್ ಹಾಕಿದ ಮೇಲೆ ಎರಡು ವಾರ ನೀರು ಹಾಕುವುದು ಬಿಟ್ಟರೆ ಜಾಗದಲ್ಲಿ ಹೆಚ್ಚಿನ ಕೆಲಸವಿರುವುದಿಲ್ಲ. ಉತ್ತರ ಕರ್ನಾಟಕದಿಂದಲೂ ಹೊರರಾಜ್ಯಗಳಿಂದಲೂ ಬಂದ ಆಳುಗಳು ಹಬ್ಬಕ್ಕೆಂದು ಊರಿಗೆ ಹೋದರೆ ಮತ್ತೂ ಹತ್ತು ದಿನ ಕಾಯಬೇಕು. ಆ ದಿನಗಳನ್ನು ನೀವು ಸಂಬಳ ಬಿಟ್ಟು ಕಳೆದಂತಾಗುತ್ತದೆ. ಮನೆ ಸಾಲವಿದ್ದರೆ ಇನ್ನೂ ಒಂದು ತೊಡಕು: ಮುಂದಿನ ಕಂತು ಬಿಡುವ ಮೊದಲು ಬ್ಯಾಂಕಿನವರು ಹೊಸ ಸಂಬಳದ ಚೀಟಿ ಕೇಳುವುದುಂಟು.

ನನ್ನ ಕೆಲಸದಲ್ಲಿ ನಾನು ಅನುಸರಿಸುವ ವಿಂಗಡಣೆ ಸರಳವಾದದ್ದು. ಮನೆಯ ಕೆಲಸದಲ್ಲಿ ಮರುದಿನವೂ ಕಣ್ಣಿಗೆ ಕಾಣುವಂಥದ್ದು ಕೆಲವು, ಮರುದಿನಕ್ಕೆ ಮುಚ್ಚಿಹೋಗುವಂಥದ್ದು ಕೆಲವು. ಗೋಡೆ ಓರೆಯಾಗಿದೆಯೇ, ಕಿಟಕಿಯ ಅಳತೆ ಸರಿಯಿದೆಯೇ, ಸಾರಣೆ ಸಮವಾಗಿದೆಯೇ, ಟೈಲ್ಸ್ ಟೊಳ್ಳು ಸದ್ದು ಮಾಡುತ್ತದೆಯೇ ಎಂಬುದನ್ನೆಲ್ಲ ಶನಿವಾರ ನೋಡಿದರೂ ತಡವಲ್ಲ. ತಪ್ಪಿದ್ದರೆ ಕೆಡವಿಸಬಹುದು, ಗುತ್ತಿಗೆದಾರರು ಇಲ್ಲವೆನ್ನುವಂತಿಲ್ಲ. ಕಾಂಕ್ರೀಟಿನೊಳಗೆ ಸೇರುವ ಕಬ್ಬಿಣ, ಗೋಡೆಯೊಳಗೆ ಹೋಗುವ ಪೈಪು, ಶೌಚಾಲಯದ ನೆಲದಡಿಯ ನೀರುತಡೆ ಲೇಪ, ನೆಲ ತುಂಬಿಸುವ ಮೊದಲಿನ ಗೆದ್ದಲು ಔಷಧಿ, ಇವು ಹಾಗಲ್ಲ. ಮುಚ್ಚಿದ ಮೇಲೆ ಅವುಗಳ ಬಗ್ಗೆ ಜಗಳವಾಡಬಹುದೇ ಹೊರತು ನೋಡಲಾಗುವುದಿಲ್ಲ. ನಿಮ್ಮ ರಜೆ ಈ ಎರಡನೆಯ ಗುಂಪಿಗೆ ಮೀಸಲಾಗಿರಲಿ.

ಹಾಗೆ ಲೆಕ್ಕ ಹಾಕಿದರೆ ಮುಂದಿರುವ ದಿನಗಳು ಹೀಗಿವೆ. ಗೆದ್ದಲು ಔಷಧಿ ಹಾಕಿ ನೆಲ ತುಂಬಿಸುವ ದಿನ, ಅದು ಇನ್ನೂ ಆಗಿಲ್ಲವಾದರೆ. ದಾರಂದ, ಅಂದರೆ ಬಾಗಿಲ ಚೌಕಟ್ಟು, ಇಡುವ ದಿನ ಮುಹೂರ್ತವಿರುವುದರಿಂದ ಹೇಗೂ ಹೋಗುತ್ತೀರಿ. ಅದೇ ದಿನ ಬಾಗಿಲುಗಳ ಎತ್ತರವನ್ನು ಮುಗಿದ ನೆಲದ ಮಟ್ಟದಿಂದ ಅಳೆಸಿಕೊಳ್ಳಿ. ಲಿಂಟಲ್ ಮತ್ತು ಸನ್‌ಶೇಡಿನ ಕಬ್ಬಿಣ ನೋಡುವುದಕ್ಕೆ ಅರ್ಧ ದಿನ. ತಾರಸಿಗೆ ಎರಡು ದಿನ: ಕಬ್ಬಿಣ ಕಟ್ಟಿ ಮುಗಿದ ಸಂಜೆ, ಕಾಂಕ್ರೀಟ್ ಹಾಕುವ ದಿನ. ಗೋಡೆ ಕೊರೆದು ಪೈಪು ಹಾಕಿದ ಮೇಲೆ, ಸಾರಣೆಗೆ ಮೊದಲು ಒಂದು ದಿನ. ಶೌಚಾಲಯದ ನೀರಿನ ಪರೀಕ್ಷೆಗೆ ರಜೆಯೇ ಬೇಡ. ಶುಕ್ರವಾರ ಸಂಜೆ ಮಾವನವರು ನೀರು ತುಂಬಿಸಿ ಗೋಡೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದಿಟ್ಟರೆ ಭಾನುವಾರ ಸಂಜೆ ನೀವು ಗೆರೆಯನ್ನೂ ನೀರಿನ ಮಟ್ಟವನ್ನೂ ನೋಡಬಹುದು, 48 ಗಂಟೆ ಆಗಿರುತ್ತದೆ. ಶೌಚಗುಂಡಿ, ಇಂಗುಗುಂಡಿ ಮುಚ್ಚುವ ಮೊದಲು ಅರ್ಧ ದಿನ. ಕಡತಗಳ ಓಡಾಟಕ್ಕೆ ಎರಡು ದಿನ ಎಂದಿಟ್ಟುಕೊಳ್ಳಿ. ಅಷ್ಟೇ.

ತಾರಸಿಯ ಆ ಎರಡು ದಿನಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಫೋಟೊ ನೋಡಿ ಒಪ್ಪಿಗೆ ಕೊಟ್ಟರೆ ಏನಾಗುತ್ತದೆ ಎಂಬುದನ್ನು ನಾನು ನನ್ನದೇ ತಪ್ಪಿನಿಂದ ಕಲಿತದ್ದು ಅಲ್ಲೇ. ಕೆಲವು ವರ್ಷಗಳ ಹಿಂದೆ ಒಂದು ಮನೆಯ ಮುಂಭಾಗಕ್ಕೆ ನಾಲ್ಕು ಅಡಿ ಚಾಚಿದ ಸಜ್ಜೆ ಇತ್ತು. ಚಾಚಿದ ಭಾಗದಲ್ಲಿ ಭಾರ ಹೊರುವ ಕಬ್ಬಿಣ ಮೇಲ್ಪದರದಲ್ಲಿ ಇರಬೇಕು. ಆ ದಿನ ನನಗೆ ಬೇರೆಡೆ ಕೆಲಸವಿದ್ದುದರಿಂದ ಗುತ್ತಿಗೆದಾರರು ಸಂಜೆ ವಾಟ್ಸ್‌ಆ್ಯಪಿನಲ್ಲಿ ಫೋಟೊ ಕಳಿಸಿದರು. ಕಬ್ಬಿಣ ಸರಿಯಾಗಿ ಮೇಲೆಯೇ ಇತ್ತು, ನಾನು ‘ಆಗಬಹುದು’ ಎಂದೆ. ಮರುದಿನ ಬೆಳಿಗ್ಗೆ ಕಾಂಕ್ರೀಟಿನ ಬಾಣಲೆ ಹೊತ್ತ ಆಳುಗಳು ಅದರ ಮೇಲೆಯೇ ಓಡಾಡಿ ಅದನ್ನು ಹಲಗೆಯ ಮಟ್ಟಕ್ಕೆ ತುಳಿದಿದ್ದರು, ಏಕೆಂದರೆ ಕೆಳಗೆ ಆಧಾರವಾಗಿ ಇಡಬೇಕಾದ ಕುರ್ಚಿಗಳು, ಅಂದರೆ ಬಗ್ಗಿಸಿದ ಕಬ್ಬಿಣದ ತುಂಡುಗಳು, ಸಾಕಷ್ಟು ಇರಲಿಲ್ಲ. ಮುಟ್ಟು, ಅಂದರೆ ಕಾಂಕ್ರೀಟನ್ನು ಹೊತ್ತ ಹಲಗೆ ಮತ್ತು ಆಧಾರಗಳನ್ನು, ಬಿಚ್ಚಿದ ಕೆಲವು ವಾರಗಳಲ್ಲಿ ಸಜ್ಜೆಯ ಬುಡದಲ್ಲಿ ಗೋಡೆಯುದ್ದಕ್ಕೂ ಬಿರುಕು ಕಾಣಿಸಿತು. ಅದನ್ನು ಒಡೆಸಿ ಮತ್ತೆ ಹಾಕಿಸಿದೆವು, ಖರ್ಚಿನಲ್ಲಿ ನನ್ನ ಪಾಲನ್ನು ನಾನೇ ಕೊಟ್ಟೆ. ಫೋಟೊ ಸುಳ್ಳು ಹೇಳಿರಲಿಲ್ಲ. ಅದು ಹಿಂದಿನ ಸಂಜೆಯ ಸತ್ಯವನ್ನು ಹೇಳಿತ್ತು.

ಆದ್ದರಿಂದ ಹಿಂದಿನ ಸಂಜೆ ನೋಡಬೇಕಾದದ್ದು ಬೇರೆ, ಕಾಂಕ್ರೀಟಿನ ದಿನ ನೋಡಬೇಕಾದದ್ದು ಬೇರೆ. ಸಂಜೆ ನಿಮ್ಮ ಎಂಜಿನಿಯರ್ ಜೊತೆಗಿರಲಿ. ಕಬ್ಬಿಣದ ಗಾತ್ರ, ಅಂತರ, ಕುರ್ಚಿಗಳು, ವಿದ್ಯುತ್ ಪೈಪುಗಳ ಜಾಗ ಇವುಗಳ ಜೊತೆಗೆ ಕವರ್ ಬ್ಲಾಕುಗಳನ್ನು ನೀವೇ ಬಗ್ಗಿ ನೋಡಿ. ಕಬ್ಬಿಣಕ್ಕೂ ಹಲಗೆಗೂ ನಡುವೆ ಇಡುವ ಈ ಸಣ್ಣ ಬಿಲ್ಲೆಗಳು ನಮ್ಮಲ್ಲಿ ಅಭ್ಯಾಸಬಲದಿಂದ ಎಲ್ಲ ಕಡೆಯೂ 20 ಮಿಲಿಮೀಟರಿನವೇ. ಸಮುದ್ರಕ್ಕೆ ಹತ್ತಿರವಿರುವ ನಿಮ್ಮ ಜಾಗಕ್ಕೆ ಅದು ಸಾಲದು. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456ರ ಪ್ರಕಾರ, ಕರಾವಳಿಯಲ್ಲಿದ್ದರೂ ಉಪ್ಪುಗಾಳಿಯಿಂದ ಮರೆಯಿರುವ ಕಡೆ 30 ಮಿಲಿಮೀಟರ್ ಹಾಗೂ ಕನಿಷ್ಠ ಎಂ 25 ದರ್ಜೆಯ ಕಾಂಕ್ರೀಟ್ (ಸಂಖ್ಯೆ ಹೆಚ್ಚಿದಷ್ಟೂ ಬಲ ಹೆಚ್ಚು), ಉಪ್ಪುಗಾಳಿಗೆ ನೇರವಾಗಿ ಒಡ್ಡಿಕೊಂಡ ಕಡೆ 45 ಮಿಲಿಮೀಟರ್ ಹಾಗೂ ಎಂ 30 ಬೇಕು. ನಿಮ್ಮ ಜಾಗ ಇವೆರಡರಲ್ಲಿ ಯಾವುದಕ್ಕೆ ಸೇರುತ್ತದೆ ಎಂಬುದನ್ನು ವಿನ್ಯಾಸ ಮಾಡಿದವರಿಂದ ಬರೆಸಿಕೊಳ್ಳಿ. ಕರಾವಳಿಯ ಹಳೆಯ ತಾರಸಿ ಮನೆಗಳಲ್ಲಿ ಅಡಿಯಿಂದ ಹಕ್ಕಳೆ ಎದ್ದು ತುಕ್ಕು ಹಿಡಿದ ಕಬ್ಬಿಣ ಕಾಣುವುದನ್ನು ನೀವೂ ನೋಡಿರುತ್ತೀರಿ. ಅದಕ್ಕೆ ಮುಖ್ಯ ಕಾರಣ ಈ ಒಂದೆರಡು ಸೆಂಟಿಮೀಟರಿನ ಉಳಿತಾಯ.

ಕಾಂಕ್ರೀಟಿನ ದಿನ ನೀವು ಮಿಕ್ಸರಿನ ಹತ್ತಿರ ನಿಲ್ಲಿ, ತಾರಸಿಯ ಮೇಲೆ ಅಲ್ಲ. ಹನ್ನೊಂದರ ಬಿಸಿಲಿಗೆ ಮಿಶ್ರಣ ಬಿಗಿಯಾದಂತೆ ಮೇಲಿನಿಂದ ಯಾರೋ ‘ನೀರು ಬಿಡು’ ಎಂದು ಕೂಗುತ್ತಾರೆ, ಕೆಳಗಿನವನು ಒಂದು ಬಕೆಟ್ ಹೆಚ್ಚು ಸುರಿಯುತ್ತಾನೆ, ಕಾಂಕ್ರೀಟ್ ಸಲೀಸಾಗಿ ಹರಿಯುತ್ತದೆ, ಎಲ್ಲರಿಗೂ ಸಂತೋಷ. ಬಲ ಕುಂದುವುದು ಆ ಬಕೆಟಿನಿಂದ. ಒಂದೇ ಒಂದು ಮಾತು ಹೇಳಲು ನಿಮಗೆ ಅನುಮತಿಯಿದೆ ಎಂದುಕೊಂಡರೆ ಆ ದಿನ ಅದು ‘ನೀರು ಅಳೆದು ಹಾಕಿ’ ಎಂಬುದೇ ಆಗಿರಲಿ. ಅದೇ ಮಿಶ್ರಣವನ್ನು ಅಚ್ಚಿಗೆ ತುಂಬಿಸಿ ಆರು ಕ್ಯೂಬ್ (ಬಲ ಪರೀಕ್ಷೆಯ ಘನಗಳು) ತೆಗೆಸಿ, ಮೂರನ್ನು 7 ದಿನಕ್ಕೆ, ಮೂರನ್ನು 28 ದಿನಕ್ಕೆ ಪರೀಕ್ಷೆ ಮಾಡಿಸಿ. ನಮ್ಮ ಕಡೆ ಎಂಜಿನಿಯರಿಂಗ್ ಕಾಲೇಜುಗಳಿಗೆ ಕೊರತೆಯಿಲ್ಲ, ಅಲ್ಲಿನ ಪ್ರಯೋಗಾಲಯಗಳಲ್ಲಿ ವಿಚಾರಿಸಬಹುದು. ಕ್ಯೂಬ್ ತೆಗೆಯುತ್ತಾರೆಂದು ಗೊತ್ತಾದ ದಿನ ಮಿಶ್ರಣ ತಾನಾಗಿ ಚೆನ್ನಾಗಿರುತ್ತದೆ ಎಂಬುದು ಬೇರೆ ಮಾತು.

ಇನ್ನು ಸಿಸಿ ಟಿವಿ. ಕಬ್ಬಿಣ, ವಯರು ಕಳವಾಗದಿರಲು, ಆಳುಗಳು ಎಷ್ಟು ಜನ ಬಂದರೆಂದು ತಿಳಿಯಲು ಅದು ಆಗುತ್ತದೆ. ಕೆಲಸದ ಗುಣಮಟ್ಟ ನೋಡಲು ಆಗುವುದಿಲ್ಲ; ಜೊತೆಗೆ ಕಚೇರಿಯಲ್ಲಿ ಕುಳಿತು ಅದನ್ನೇ ನೋಡುವ ಚಟ ಹತ್ತಿದರೆ ರಜೆ ಹಾಕಿದ್ದಕ್ಕಿಂತ ಹೆಚ್ಚು ನಷ್ಟ. ಫೋಟೊಕ್ಕೆ ಬದಲು ಅಳತೆ ಪಟ್ಟಿ ಹಿಡಿದು ತೆಗೆದ ಒಂದು ನಿಮಿಷದ ವೀಡಿಯೊ ಕೇಳಿ, ಅದೂ ಕಾಣುವ ಕೆಲಸಕ್ಕೆ ಮಾತ್ರ.

ಮೇಸ್ತ್ರಿಯ ಕರೆಗಳಿಗೆ ಬರುತ್ತೇನೆ. ನಿಮ್ಮ ಪತ್ರ ಓದಿದಾಗ ನನಗೆ ಮೇಸ್ತ್ರಿಯ ಮೇಲೆ ಸಿಟ್ಟು ಬರಲಿಲ್ಲ. ಹನ್ನೊಂದು ಗಂಟೆಗೆ ಅವರು ಕರೆ ಮಾಡುವುದು ಕಲ್ಲು, ಗಾರೆ, ಆಳು ಎಲ್ಲ ತಯಾರಾಗಿ, ‘ಅಡುಗೆಮನೆಯ ಕಿಟಕಿ ಎಷ್ಟು ಎತ್ತರಕ್ಕೆ’ ಎಂಬುದು ನಕ್ಷೆಯಲ್ಲಿ ಸಿಗದೆ ಇದ್ದಾಗ. ಪಂಚಾಯತ್ ಪರವಾನಿಗೆಗೆ ಕೊಟ್ಟ ನಕ್ಷೆಯಲ್ಲಿ ಅಂಥ ವಿವರಗಳು ಇರುವುದೇ ಇಲ್ಲ. ನಮ್ಮಲ್ಲಿ ಬಹಳ ಮನೆಗಳು ಆ ಒಂದೇ ಹಾಳೆಯಿಂದ ಕಟ್ಟಲ್ಪಡುತ್ತವೆ. ಕೆಲಸದ ನಕ್ಷೆಗಳನ್ನು ಬೇರೆಯೇ ಮಾಡಿಸಿ. ಕಿಟಕಿಗಳ ಅಳತೆ ಮತ್ತು ಕೆಳಮಟ್ಟ, ವಿದ್ಯುತ್ ಬೋರ್ಡುಗಳ ಜಾಗ, ಅಡುಗೆ ಕಟ್ಟೆಯ ಎತ್ತರ, ಗೋಡೆಗೆ ತೂಗುವ ಕಮೋಡ್ ಬೇಕೋ ನೆಲದ ಮೇಲಿನದ್ದೋ, ಬಿಸಿನೀರಿನ ಪೈಪು ಎಲ್ಲೆಲ್ಲಿಗೆ, ಸೋಲಾರ್, ಎಸಿ, ಇನ್ವರ್ಟರ್ ಇವುಗಳ ಪೈಪು, ಎಲ್ಲವೂ ಗೋಡೆ ಏಳುವ ಮೊದಲೇ ಕಾಗದದ ಮೇಲೆ ಬರಬೇಕು. ಇದಕ್ಕೆ ಯಜಮಾನರ ಜೊತೆ ವೀಡಿಯೊ ಕರೆಯಲ್ಲಿ ಮೂರು ಭಾನುವಾರ ಸಾಕು. ಬೋರ್ಡುಗಳ ಜಾಗವನ್ನು ಮಾತ್ರ ಗೋಡೆ ಎದ್ದ ಮೇಲೆ ಒಂದು ಶನಿವಾರ ನೀವೇ ಸೀಮೆಸುಣ್ಣ ಹಿಡಿದು, ಮಂಚ ಇಲ್ಲಿ, ಫ್ರಿಜ್ ಇಲ್ಲಿ, ದೇವರಕೋಣೆಯ ದೀಪ ಇಲ್ಲಿ ಎಂದು ಗುರುತು ಮಾಡಿ ಬನ್ನಿ. ನಕ್ಷೆಯಲ್ಲಿ ಸರಿ ಕಂಡದ್ದು ಬಾಗಿಲಿನ ಹಿಂದೆ ಹೋಗಿರುತ್ತದೆ.

ಇಷ್ಟಾದ ಮೇಲೂ ಬರುವ ಕರೆಗಳಿಗೆ ಹೊತ್ತು ಗೊತ್ತುಮಾಡಿ. ಸಂಜೆ ಐದೂವರೆಗೆ ಕೆಲಸ ಬಿಡುವ ಹೊತ್ತಿಗೆ ನೀವೇ ಕರೆ ಮಾಡಿ ಮೂರು ವಿಷಯ ಕೇಳಿ: ನಾಳೆ ಏನು ಕೆಲಸ, ನಾಳೆ ಏನು ಮುಚ್ಚುತ್ತೀರಿ, ನನ್ನಿಂದ ಏನು ತೀರ್ಮಾನ ಬೇಕು. ಉತ್ತರವನ್ನು ಒಂದು ಸಾಲಿನ ಸಂದೇಶವಾಗಿ ಕಳಿಸಿ, ಅದು ದಾಖಲೆಯಾಗಿ ಉಳಿಯುತ್ತದೆ. ಗುತ್ತಿಗೆಯ ಪತ್ರದಲ್ಲಿ ಇನ್ನೊಂದು ಸಾಲು ಸೇರಿಸಲು ಈಗಲೂ ತಡವಾಗಿಲ್ಲ: ಮುಚ್ಚುವ ಯಾವುದೇ ಕೆಲಸಕ್ಕೆ 48 ಗಂಟೆ ಮೊದಲು ತಿಳಿಸಬೇಕು, ತಿಳಿಸದೆ ಮುಚ್ಚಿದರೆ ಆ ಹಂತದ ಕಂತು ತಡೆಹಿಡಿಯಲಾಗುವುದು. ಒಳ್ಳೆಯ ಗುತ್ತಿಗೆದಾರರು ಇದಕ್ಕೆ ಬೇಸರಪಡುವುದಿಲ್ಲ.

ಮಾವನವರ ವಿಷಯ ನಾಜೂಕಿನದ್ದು. ಜಾಗದಲ್ಲಿ ಮನೆಯ ಹಿರಿಯರೊಬ್ಬರು ಇರುವುದು ದೊಡ್ಡ ಬಲ. ಆದರೆ ನೀವು ಫೋನಿನಲ್ಲಿ ಒಂದು ಹೇಳಿ, ಅವರು ಎದುರಿಗೆ ಇನ್ನೊಂದು ಹೇಳಿದರೆ ಮೇಸ್ತ್ರಿ ತನಗೆ ಸುಲಭವಾದದ್ದನ್ನು ಮಾಡುತ್ತಾರೆ, ಆಮೇಲೆ ‘ಅಜ್ಜನವರೇ ಹೇಳಿದ್ದು’ ಎನ್ನುತ್ತಾರೆ. ನಾನು ಇಂಥ ಮನೆಗಳಲ್ಲಿ ಸೂಚಿಸುವ ಏರ್ಪಾಡೆಂದರೆ, ಕೆಲಸವನ್ನು ನಿಲ್ಲಿಸುವ ಅಧಿಕಾರ ಮಾವನವರಿಗೆ ಇರಲಿ, ಬದಲಾಯಿಸುವ ಅಧಿಕಾರ ಬೇಡ. ಇದನ್ನು ಗುತ್ತಿಗೆದಾರರ ಎದುರಿಗೆ, ಸಾಧ್ಯವಾದರೆ ನಿಮ್ಮ ಯಜಮಾನರ ಬಾಯಿಂದಲೇ ಹೇಳಿಸಿ. ಸೊಸೆ ಹೇಳುವುದಕ್ಕಿಂತ ಮಗ ಹೇಳಿದರೆ ಮನಸ್ಸಿಗೆ ನೋವಾಗುವುದು ಕಡಿಮೆ. ಅವರಿಗೆ ಒಂದು ನೋಟುಪುಸ್ತಕ ಕೊಡಿ: ಬಂದ ಸಿಮೆಂಟ್ ಚೀಲ, ಹೊಯ್ಗೆ ಮತ್ತು ಜಲ್ಲಿಯ ಲೋಡು, ಆಳುಗಳ ಸಂಖ್ಯೆ. ನೀರು ಹಾಕಿಸುವ ಜವಾಬ್ದಾರಿಯನ್ನೂ ಪೂರ್ತಿ ಅವರಿಗೇ ಬಿಡಿ. ತಾರಸಿಯ ಮೇಲೆ ಸಣ್ಣ ಕಟ್ಟೆ ಕಟ್ಟಿ ನಿಲ್ಲಿಸಿದ ನೀರು ಹದಿನಾಲ್ಕು ದಿನ ಆರದಂತೆ ನೋಡಿಕೊಳ್ಳುವುದು ಯಾವ ಎಂಜಿನಿಯರೂ ಮಾಡಲಾಗದ, ಜಾಗದಲ್ಲಿ ಇರುವವರು ಮಾತ್ರ ಮಾಡಬಹುದಾದ ಕೆಲಸ. ಮುಟ್ಟು ಬಿಚ್ಚಲು ಗುತ್ತಿಗೆದಾರರು ಅವಸರ ಮಾಡಿದರೆ ತಡೆಯಬೇಕಾದವರೂ ಅವರೇ: ನಾಲ್ಕೂವರೆ ಮೀಟರಿಗಿಂತ ಅಗಲದ ತಾರಸಿಗೆ ಆಧಾರ ಕಂಬಗಳು ಕನಿಷ್ಠ 14 ದಿನ ಇರಬೇಕು. ನಾವು ಬಳಸುವ, ನಿಧಾನವಾಗಿ ಬಲ ಪಡೆಯುವ ಪಿಪಿಸಿ (ಪೋರ್ಟ್‌ಲ್ಯಾಂಡ್ ಪೊಝೊಲಾನಾ) ಸಿಮೆಂಟಿಗೆ ಇನ್ನೂ ಕೆಲವು ದಿನ ಹೆಚ್ಚಿದ್ದರೆ ಒಳ್ಳೆಯದು.

ನೀರಿನ ಮಾತು ಬಂದದ್ದರಿಂದ ಹೇಳುತ್ತೇನೆ. ಮಟ್ಟುವಿನ ಕಡೆಯ ಬಾವಿಗಳಲ್ಲಿ ಬೇಸಗೆಗೆ ಉಪ್ಪಿನಂಶ ಏರುವುದುಂಟು. ಈಗ ಸಿಹಿಯಿರುವ ನೀರು ಏಪ್ರಿಲಿನಲ್ಲಿ ಹಾಗೆಯೇ ಇರುತ್ತದೆಂದು ನಂಬಬೇಡಿ. ಕಬ್ಬಿಣವಿರುವ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು. ತಾರಸಿಗೆ ಮೊದಲು ಒಮ್ಮೆ ಪರೀಕ್ಷೆ ಮಾಡಿಸಿ.

ಕಡತಗಳಿಗೆ ಹೋದ ಏಳು ರಜೆಗಳಲ್ಲಿ ನಾಲ್ಕೈದನ್ನಾದರೂ ಉಳಿಸಬಹುದಿತ್ತು. ರಾಜ್ಯ ಸರಕಾರದ ಕಚೇರಿಗಳಿಗೂ ಬ್ಯಾಂಕುಗಳಿಗೂ ರಜೆಯಿರುವುದು ಎರಡನೆಯ ಮತ್ತು ನಾಲ್ಕನೆಯ ಶನಿವಾರ. ಮೊದಲನೆಯ, ಮೂರನೆಯ ಶನಿವಾರ ನಿಮಗೆ ರಜೆ, ಅವರಿಗೆ ಕೆಲಸ. ಹೋಗುವ ಮೊದಲು ಪಿಡಿಒ ಇರುತ್ತಾರೆಯೇ ಎಂದು ಕೇಳಿಕೊಳ್ಳಿ, ಒಬ್ಬರಿಗೇ ಎರಡು ಪಂಚಾಯತ್‌ಗಳ ಹೊಣೆಯಿರುವುದು ಹೊಸತೇನಲ್ಲ. ಬ್ಯಾಂಕಿನಿಂದ ಮುಂದಿನ ಎಲ್ಲ ಕಂತುಗಳಿಗೆ ಬೇಕಾದ ದಾಖಲೆಗಳ ಪಟ್ಟಿಯನ್ನು ಒಮ್ಮೆಗೇ ಮಿಂಚಂಚೆಯಲ್ಲಿ ಕೇಳಿ. ಬಾಯಿಮಾತಿನಲ್ಲಿ ಕೇಳಿದರೆ ಪ್ರತಿ ಸಲವೂ ಒಂದು ಕಾಗದ ಬಾಕಿ ಉಳಿಯುತ್ತದೆ. ಬ್ಯಾಂಕಿನ ಎಂಜಿನಿಯರ್ ಜಾಗ ನೋಡಲು ಬರುವ ದಿನ ಮಾವನವರಿದ್ದರೆ ಸಾಕು. ಮೆಸ್ಕಾಂ ಸಂಪರ್ಕದ ಅರ್ಜಿಯನ್ನು ಪರವಾನಿಗೆಯಿರುವ ವಿದ್ಯುತ್ ಗುತ್ತಿಗೆದಾರರೇ ನೋಡಿಕೊಳ್ಳುತ್ತಾರೆ. ಜಾಗ ಅಥವಾ ಸಾಲ ಜಂಟಿ ಹೆಸರಿನಲ್ಲಿದ್ದರೆ ಯಜಮಾನರ ಸಹಿಗಾಗಿ ಅಧಿಕಾರಪತ್ರ ಬೇಕಾಗಬಹುದು. ಅದನ್ನು ಅಲ್ಲಿನ ಭಾರತೀಯ ದೂತಾವಾಸ ಕಚೇರಿಯಲ್ಲಿ ದೃಢೀಕರಿಸಿ ಕಳಿಸಿದರೆ ಇಲ್ಲಿಗೆ ತಲುಪಿದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು ಎಂಬುದು ನೆನಪಿರಲಿ.

ಶನಿವಾರ ಆಳುಗಳಿಗೆ ಬಟವಾಡೆಯ ದಿನ, ಗುತ್ತಿಗೆದಾರರು ಸಿಗುವುದು ಬಹುತೇಕ ಖಂಡಿತ. ಆದ್ದರಿಂದ ಮಾತುಕತೆ ಶನಿವಾರ ಮಧ್ಯಾಹ್ನದ ಮೇಲಿರಲಿ. ಭಾನುವಾರ ಬೆಳಿಗ್ಗೆ ಆಳುಗಳಿಲ್ಲದ ಖಾಲಿ ಮನೆಯಲ್ಲಿ ಅಳತೆ ಪಟ್ಟಿ, ತೂಗುಗುಂಡು ಹಿಡಿದು ಒಂದು ಗಂಟೆ ಸುತ್ತಿ. ಯಾರ ಮುಖವನ್ನೂ ನೋಡಬೇಕಾಗಿಲ್ಲದ ಆ ಒಂದು ಗಂಟೆಯಲ್ಲಿ ಕಣ್ಣಿಗೆ ಬೀಳುವಷ್ಟು ಸಂಗತಿಗಳು ವಾರವಿಡೀ ನಿಂತರೂ ಬೀಳುವುದಿಲ್ಲ.

ಮೇಲ್ವಿಚಾರಣೆಗೆ ಬೇರೆಯೇ ಎಂಜಿನಿಯರನ್ನು ಗೊತ್ತುಮಾಡುವುದು ಇನ್ನೊಂದು ದಾರಿ, ನನ್ನ ಮಟ್ಟಿಗೆ ಅದೇ ಸರಿಯಾದ ದಾರಿ. ನನ್ನ ವೃತ್ತಿಯ ಪರವಾಗಿ ಹೇಳುತ್ತಿದ್ದೇನೆ ಎಂದು ನಿಮಗೆ ಅನ್ನಿಸಿದರೆ ತಪ್ಪಿಲ್ಲ, ನೀವೇ ಲೆಕ್ಕ ನೋಡಿ. ಮೂರು ತಿಂಗಳ ಸಂಬಳವನ್ನು ಒಂದು ಕಡೆ ಬರೆಯಿರಿ. ಮುಚ್ಚುವ ಹಂತಗಳಿಗೆ ಮಾತ್ರ, ಭೇಟಿಗೆ ಇಷ್ಟೆಂದು ಮಾತನಾಡಿ, ಹತ್ತು ಹನ್ನೆರಡು ಭೇಟಿಗಳಿಗೆ ಆಗುವ ಹಣವನ್ನು ಇನ್ನೊಂದು ಕಡೆ ಬರೆಯಿರಿ. ಇದರಲ್ಲಿ ಅಪಾಯವೂ ಉಂಟು. ಗುತ್ತಿಗೆದಾರರೇ ತೋರಿಸಿಕೊಟ್ಟ ಎಂಜಿನಿಯರ್ ಆಗಿದ್ದರೆ ಮೇಲ್ವಿಚಾರಣೆ ಹೆಸರಿಗೆ ಮಾತ್ರವಾಗುತ್ತದೆ. ಬಂದ ದಿನಾಂಕ ಹಾಕಿ ನೋಡಿದ್ದನ್ನು ಎರಡು ಸಾಲು ಬರೆದುಕೊಡಲು ಒಪ್ಪದವರನ್ನು ಗೊತ್ತುಮಾಡಬೇಡಿ.

ಕೊನೆಯದಾಗಿ ನೀವು ಕೇಳದ ಒಂದು ವಿಷಯ. ಯಜಮಾನರ ಒಂದು ತಿಂಗಳ ರಜೆಯನ್ನು ಗೃಹಪ್ರವೇಶಕ್ಕೆಂದು ಮೇ ತಿಂಗಳಿಗೆ ಇಟ್ಟಿದ್ದೀರಿ. ಗೋಡೆ ಡಿಸೆಂಬರಿನಲ್ಲಿ ಎದ್ದು ಫೆಬ್ರವರಿಯಲ್ಲಿ ತಾರಸಿಯಾದರೆ ಮಾರ್ಚ್ ತಿಂಗಳು ಪೂರ್ತಿ ಪೈಪು, ವಯರಿಂಗ್, ಸಾರಣೆ, ಶೌಚಾಲಯಗಳ ಕೆಲಸ. ಮುಚ್ಚಿಹೋಗುವ ಕೆಲಸಗಳೂ ಸ್ಥಳದಲ್ಲೇ ಆಗಬೇಕಾದ ತೀರ್ಮಾನಗಳೂ ಅತಿ ಹೆಚ್ಚು ಇರುವ ತಿಂಗಳು ಅದು. ಅವರು ಮಾರ್ಚಿನಲ್ಲಿ ಬಂದರೆ ನಿಮ್ಮ ಏಳೆಂಟು ದಿನಗಳಲ್ಲೂ ಎರಡು ಮೂರು ಉಳಿಯುತ್ತವೆ. ಮೇ ತಿಂಗಳಿಗೆ ಒಕ್ಕಲು (ಗೃಹಪ್ರವೇಶ) ಎಂದು ದಿನ ಗೊತ್ತುಮಾಡಿದರೆ ಸಾರಣೆ ಒಣಗುವ ಮೊದಲೇ ಬಣ್ಣ ಬಳಿದು, ಜೂನ್ ಮೊದಲ ಮಳೆಗೆ ಗೋಡೆಯಲ್ಲಿ ಗುಳ್ಳೆ ಏಳುತ್ತದೆ. ತಾರಸಿ, ಹೊರಸಾರಣೆ, ಬಾಗಿಲು ಕಿಟಕಿ ಮಳೆಗೆ ಮೊದಲು ಆಗಿದ್ದರೆ ಸಾಕು; ಒಳಗಿನ ಕೆಲಸ ಮಳೆಗಾಲದಲ್ಲೂ ನಡೆಯುತ್ತದೆ. ಮಳೆಗಾಲದ ತುಳು ತಿಂಗಳಾದ ಆಟಿಯಲ್ಲಿ ಹೇಗೂ ಒಕ್ಕಲು ಇಡುವುದಿಲ್ಲ. ಹೊರಗಿನ ಬಣ್ಣವನ್ನು ಅಕ್ಟೋಬರ್ ಬಿಸಿಲಿಗೆ ಬಿಟ್ಟು, ನವರಾತ್ರಿ ಕಳೆದ ಮೇಲೆ ದಿನ ನೋಡಿಸಿ. ಆಗ ಯಜಮಾನರಿಗೆ ನಾಲ್ಕು ದಿನ ಬಂದು ಹೋಗುವಷ್ಟು ರಜೆ ಸಿಗುತ್ತದೆಯೇ ಎಂದು ಈಗಲೇ ಕೇಳಿಸಿಕೊಳ್ಳಿ.